ನನ್ನ ಬಾಯಲ್ಲಿ ದೇವಕಿಯ ದನಿ

ಆ ದನಿ ನನ್ನದಲ್ಲ. ಸೀರಿಯಲ್ಲಿನಲ್ಲಿ ದೊಡ್ಡ ಮನೆಯ ಸೊಸೆಯಾಗಿ ನಾನು ಅತ್ತಾಗ ನೀವು ಕೇಳಿದ ದನಿ ನನ್ನದಲ್ಲ. ಆಮೇಲೆ ಇಷ್ಟು ವರ್ಷ ದಾಂಡೇಲಿಯ ರೇಡಿಯೋದಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ ನಿಮ್ಮ ಜೊತೆ ಹರಟೆ ಹೊಡೆದ ಶೈಲಕ್ಕನ ದನಿಯೂ ನನ್ನದಲ್ಲ. ಅದು ದೇವಕಿಯದು. ಅದನ್ನು ಕದ್ದೆ, ಕದ್ದದ್ದು ನನ್ನದೇ ಎಂದು ಹೇಳಿ ಆಕೆಯನ್ನೇ ಹೊರಗೆ ಹಾಕಿಸಿದೆ, ಆಕೆ ಸತ್ತ ಮೇಲೆ ಆಕೆಯ ತಾಯಿಯ ಜೊತೆ ಆಕೆಯಾಗಿಯೇ ಮಾತಾಡಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ತಡ ಮಾಡಿದರೆ ಮತ್ತೆ ಚಂದಗಾಣಿಸಿ ಹೇಳಲಿಕ್ಕೆ ಸುರು ಮಾಡುತ್ತೇನೆ—ಅದು ನನ್ನ ಹಳೆಯ ಚಾಳಿ.

ನಾನು ಹಳಿಯಾಳದ ಪೇಟೆಯವಳು. ಅಪ್ಪನದು ಬಟ್ಟೆ ಅಂಗಡಿ. ಮನೆಯಲ್ಲಿ ಎಲ್ಲರೂ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸುವ ತನಕ ಒಲೆಯ ಮೇಲೆ ಚಹಾ ಏರುತ್ತಿರಲಿಲ್ಲ. ಹತ್ತು ಜನ ‘ಹುಡುಗಿ ಭಾಳ ಚಂದ ಅದಾಳ’ ಅಂದಿದ್ದರಿಂದ ನನ್ನ ಮೂಗು ಸಣ್ಣಂದಿನಿಂದಲೂ ಸ್ವಲ್ಪ ಮೇಲೆಯೇ ಇತ್ತು. ಸೀರಿಯಲ್ಲಿಗೆ ಆಯ್ಕೆಯಾಗಿ ಬೆಂಗಳೂರಿಗೆ ಹೋದ ಮೊದಲ ವಾರವೇ ನಿರ್ದೇಶಕರು ಆ ಮೂಗು ಇಳಿಸಿದರು. ಮುಖವೇನೋ ಸರಿ, ಬಾಯಿ ತೆಗೆದರೆ ರೊಟ್ಟಿ ಬಡಿದ ಹಾಗೆ ಕೇಳುತ್ತದೆ ಎಂದು ಎಲ್ಲರೆದುರು ನಕ್ಕರು. ನನ್ನ ತುಟಿಯ ಮೇಲೆ ಬೇರೆಯವರ ದನಿ ಕೂರಿಸುವುದೆಂದು ತೀರ್ಮಾನವಾಯಿತು. ಡಬ್ಬಿಂಗ್ ಮಾಡಲಿಕ್ಕೆ ಬಂದವಳು ದೇವಕಿ.

ಆಕೆಯೂ ನಮ್ಮ ತಾಲ್ಲೂಕಿನವಳೇ—ಸಾಂಬ್ರಾಣಿ ದಾಟಿ ಕಾಡಿನಂಚಿಗಿರುವ ಒಂದು ಸಣ್ಣ ಊರು. ಸಿದ್ದಿ ಹುಡುಗಿ, ಹಿಂದೆಂದೋ ಆಫ್ರಿಕಾದಿಂದ ಬಂದು ಈ ಕಾಡಿನಲ್ಲಿ ನೆಲೆಸಿದವರ ಪೈಕಿ. ನಾಟಕದ ತಂಡದ ಜೊತೆ ಬೆಂಗಳೂರು ಸೇರಿ, ಅಲ್ಲಿಯ ಮಾತನ್ನು ಅಲ್ಲಿ ಹುಟ್ಟಿದವರಿಗಿಂತ ಚೊಕ್ಕ ಕಲಿತಿದ್ದಳು. ಅಂಥ ದನಿಯಿದ್ದವಳನ್ನು ತೆರೆಯ ಮೇಲೆ ತರುವ ಮಾತನ್ನು ಮಾತ್ರ ಒಬ್ಬರೂ ಆಡಲಿಲ್ಲ. ಕಪ್ಪು ಮೈ, ಗುಂಗುರು ಕೂದಲಿನ ಹೆಣ್ಣು ದೊಡ್ಡ ಮನೆಯ ಸೊಸೆಯಾಗಲಾರಳೆಂದು ಎಲ್ಲರೂ ಒಪ್ಪಿಕೊಂಡಿದ್ದರು. ನಾನೂ ಒಪ್ಪಿಕೊಂಡಿದ್ದೆ.

ನನ್ನನ್ನು ‘ಅಕ್ಕಾರ’ ಅನ್ನುತ್ತಿದ್ದಳು. ಡಬ್ಬಿಂಗ್ ಕೋಣೆಯ ಕತ್ತಲೆಯಲ್ಲಿ ನನ್ನ ಮುಖ ಎದುರಿನ ಪರದೆಯ ಮೇಲೆ ದೊಡ್ಡದಾಗಿ ಬರುತ್ತಿತ್ತು, ದೇವಕಿ ಅದನ್ನೇ ನೋಡುತ್ತ ನಿಂತು ಮಾತು ಹೇಳುತ್ತಿದ್ದಳು. ಬಹಳಷ್ಟು ಸಲ ಕಿವಿಗೆ ನನ್ನ ಮೂಲ ಮಾತನ್ನು ಹಾಕಿಕೊಳ್ಳುತ್ತಲೂ ಇರಲಿಲ್ಲ. ‘ನಿಮ್ಮ ತುಟಿ ನೋಡಿದ್ರ ಸಾಕ್ರಿ ಅಕ್ಕಾರ, ಮಾತು ತಾನ ಬರ್ತೇತಿ’ ಅನ್ನುತ್ತಿದ್ದಳು. ನಾನು ಮೂಲೆಯಲ್ಲಿ ಕೂತು ಕೇಳುತ್ತಿದ್ದೆ. ನನ್ನ ಬಾಯಿಂದ ಬೇರೊಬ್ಬಳು ಮಾತಾಡುವುದನ್ನು ನೋಡುವುದು—ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು, ಆಮೇಲೆ ಹೊಟ್ಟೆಕಿಚ್ಚಾಯಿತು. ಕೋಣೆಗೆ ಬಂದು ಕನ್ನಡಿಯ ಮುಂದೆ ನಿಂತು ಆ ದನಿಯನ್ನು ಕಲಿಯತೊಡಗಿದೆ. ಕೇಳಿದರೆ ದೇವಕಿ ತಾನೇ ಹೇಳಿಕೊಡುತ್ತಿದ್ದಳು. ಉಸಿರು ಎಲ್ಲಿ ತಗೋಬೇಕು, ಅಳುವಾಗ ಗಂಟಲು ಹೇಗೆ ಸಡಿಲ ಬಿಡಬೇಕು—ಏನನ್ನೂ ಮುಚ್ಚಿಡಲಿಲ್ಲ.

ಒಂದು ಸಂದರ್ಶನದಲ್ಲಿ ನನ್ನನ್ನು ಕೇಳಿದರು, ದನಿಯೂ ನಿಮ್ಮದೇನಾ ಅಂತ. ಹೌದು ಅಂದೆ—ದೇವಕಿಯ ದನಿಯಲ್ಲಿಯೇ ಅಂದೆ. ಎದುರಿಗಿದ್ದವರು ನಂಬಿದರು. ಅಷ್ಟು ಸುಲಭ ಇತ್ತು ಅದು.

ಸೀರಿಯಲ್ ಮುಗಿಯಿತು. ಸೊಸೆಯಾಗಿ ಅತ್ತ ಮುಖಕ್ಕೆ ಬೇರೆ ಕೆಲಸ ಯಾರೂ ಕೊಡಲಿಲ್ಲ. ದಾಂಡೇಲಿಗೆ ಬಂದು ಅಕ್ಕನ ಮನೆಯಲ್ಲಿ ಉಳಿದೆ. ಅಲ್ಲಿ ಹೊಸದಾಗಿ ಒಂದು ಸಣ್ಣ ರೇಡಿಯೋ ಕೇಂದ್ರ ಸುರುವಾಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಕುಲಕರ್ಣಿ ಸರ್ ನನ್ನನ್ನು ಕರೆದರು, ಮುಖಕ್ಕಾಗಿ ಅಲ್ಲ, ದನಿಗಾಗಿ. ಬಾಯಿಗೆ ಬಂದ ತುತ್ತನ್ನು ಯಾರು ಬಿಡುತ್ತಾರೆ? ನಾನು ಅದೇ ದನಿಯಲ್ಲಿ ಮಾತಾಡಿದೆ, ಕೆಲಸ ಸಿಕ್ಕಿತು. ತೇರಗಾಂವದ ಹೊಲದಿಂದ, ಗಣೇಶಗುಡಿಯ ಹೋಮ್‌ಸ್ಟೇಗಳ ಅಡುಗೆಮನೆಯಿಂದ, ಮುಂಡಗೋಡದಿಂದಲೂ ಹೆಣ್ಣುಮಕ್ಕಳು ಫೋನು ಹಚ್ಚಿ ‘ಶೈಲಕ್ಕಾ, ನಿಮ್ಮ ದನಿ ಕೇಳದಿದ್ರ ಅನ್ನ ಇಳಿಯೂದಿಲ್ರಿ’ ಅನ್ನುತ್ತಿದ್ದರು. ನಾನು ಬೀಗುತ್ತಿದ್ದೆ.

ಒಂದು ದಿನ ಇನ್ನೊಬ್ಬ ನಿರೂಪಕಿ ಬೇಕೆಂದು ದನಿ ಪರೀಕ್ಷೆ ಇಟ್ಟರು. ಸಾಲಿನಲ್ಲಿ ದೇವಕಿ ಕೂತಿದ್ದಳು. ಅವ್ವನ ಕಣ್ಣು ಮಂದವಾಗಿವೆ, ಊರ ಹತ್ತಿರ ಇರಬೇಕು ಅಂತ ಬೆಂಗಳೂರು ಬಿಟ್ಟು ಬಂದಿದ್ದಳು. ನನ್ನನ್ನು ನೋಡಿ ಎಷ್ಟು ಖುಷಿಪಟ್ಟಳು—‘ನೀವಿದ್ದೀರಂತ ಧೈರ್ಯ ಬಂತ್ರಿ ಅಕ್ಕಾರ’ ಅಂದಳು.

ಗಾಜಿನಾಚೆ ಆಕೆ ಮೈಕಿನ ಮುಂದೆ, ಈಚೆ ನಾನು, ಕುಲಕರ್ಣಿ ಸರ್. ದಪ್ಪ ಗಾಜು, ಇಲ್ಲಿಯ ಮಾತು ಅಲ್ಲಿಗೆ ಕೇಳುವುದಿಲ್ಲ. ಆಕೆ ನಾಲ್ಕು ಸಾಲು ಓದಿದ ಕೂಡಲೇ ಸರ್ ನನ್ನ ಕಡೆ ತಿರುಗಿದರು. ‘ಇದೇನ್ರಿ, ನಿಮ್ಮ ದನಿ ಆಕಿ ಬಾಯಾಗ?’ ಅಂದರು. ಸತ್ಯ ಹೇಳಲಿಕ್ಕೆ ಒಂದು ಉಸಿರಿನಷ್ಟು ಹೊತ್ತು ಇತ್ತು. ನನ್ನ ಕೆಲಸ, ನನ್ನ ಹೆಸರು, ಅಕ್ಕನ ಮನೆಯಲ್ಲಿ ನನಗಿದ್ದ ಮರ್ಯಾದೆ—ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ನಾನು ಅಂದೆ:

‘ಆಕಿ ನನ್ನ ದನಿ ನಕಲ ಮಾಡ್ತಾಳ್ರಿ ಸರ್.’

ಆಗ ನಡೆದದ್ದನ್ನು ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಗಾಜಿನಾಚೆಯಿಂದ ದೇವಕಿ ನನ್ನ ತುಟಿಯನ್ನು ನೋಡುತ್ತಿದ್ದಳು. ವರ್ಷಗಟ್ಟಲೆ ರೂಢಿ. ನನ್ನ ತುಟಿ ಆಡಿದ ಹಾಗೆ ಆಕೆಯ ತುಟಿ ಆಡಿತು, ಮೈಕ್ ತೆರೆದೇ ಇತ್ತು. ನಾನು ಹೇಳಿ ಮುಗಿಸುವ ಹೊತ್ತಿಗೆ ಅದೇ ಮಾತು ಸ್ಪೀಕರಿನಿಂದ ಬಂತು—‘ಆಕಿ ನನ್ನ ದನಿ ನಕಲ ಮಾಡ್ತಾಳ್ರಿ ಸರ್’—ನಿಧಾನ, ಸ್ಪಷ್ಟ, ಅಕ್ಷರ ತಪ್ಪದೆ. ಹೇಳಿಯಾದ ಮೇಲೆ ತಾನು ಏನು ಹೇಳಿದೆ ಎಂದು ಆಕೆಗೆ ತಿಳಿಯಿತು. ನನ್ನನ್ನೇ ನೋಡುತ್ತ ನಿಂತಳು. ಸರ್ ಮಾತ್ರ ನಕ್ಕುಬಿಟ್ಟರು. ‘ಅಬ್ಬ, ಹೌದಲ್ರೀ, ಹೆಂಗ ನಕಲ ಹೊಡಿತಾಳ ನೋಡ್ರಿ’ ಅಂದರು. ದೇವಕಿ ಜಗಳ ಮಾಡಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು ಹೊರಟುಹೋದಳು, ಆಮೇಲೆ ಗೋವಾಕ್ಕೆ ಯಾವುದೋ ಹೋಟೆಲಿನ ಕೆಲಸಕ್ಕೆ ಹೋದಳಂತೆ ಅಂತ ಕೇಳಿದೆ. ವಿಚಾರಿಸಲಿಕ್ಕೆ ಹೋಗಲಿಲ್ಲ.

ಕೆಲವು ವರ್ಷ ಹಾಗೇ ಕಳೆದವು. ನಡುವೆ ಒಂದು ವಿಚಿತ್ರ ಸುರುವಾಯಿತು. ಮಾತಿಗೆ ಮೊದಲು ದೇವಕಿ ಬಾಯಿ ಮುಚ್ಚಿಕೊಂಡೇ ಸಣ್ಣಗೆ ‘ಮ್’ ಅನ್ನುತ್ತಿದ್ದಳು. ಅದು ಆಕೆಯ ಅಭ್ಯಾಸ, ಡಬ್ಬಿಂಗಿನಲ್ಲಿ ಕತ್ತರಿಸಿ ತೆಗೆಯುತ್ತಿದ್ದರು. ನಾನು ಅದನ್ನು ಕಲಿತಿರಲಿಲ್ಲ, ಕಲಿಯುವಂಥದ್ದೂ ಅಲ್ಲ. ಒಂದು ಮಳೆಗಾಲದಿಂದ ನನ್ನ ರೆಕಾರ್ಡಿಂಗಿನಲ್ಲಿ ಅದು ಬರತೊಡಗಿತು. ‘ಶೈಲಕ್ಕಾ, ಅದೇನು ಮ್ ಅಂತೀರಿ ಪ್ರತಿ ಸಲ’ ಎಂದು ರೆಕಾರ್ಡಿಂಗ್ ನೋಡಿಕೊಳ್ಳುವಾತ ಕೇಳಿದ. ನಾನು ಅಂದೇ ಇಲ್ಲ ಅಂದೆ. ಹಾಕಿ ಕೇಳಿಸಿದ. ಇತ್ತು. ಮನೆಯಲ್ಲೂ ಅಷ್ಟೇ—ಅಡುಗೆಮನೆಯಲ್ಲಿ ನಾನು ಮಾತಾಡಿದರೆ ಅಕ್ಕ ರೇಡಿಯೋ ಆರಿಸಲಿಕ್ಕೆ ಬರುತ್ತಿದ್ದಳು. ಹಳಿಯಾಳಕ್ಕೆ ಫೋನು ಹಚ್ಚಿದರೆ ಹೆತ್ತ ಅವ್ವನೇ ‘ಯಾರ್ರೀ ಮಾತಾಡೂದು?’ ಅನ್ನುತ್ತಿದ್ದಳು. ನನ್ನ ಸ್ವಂತ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲಿಕ್ಕೆ ಹೋದರೆ ನೆನಪಾಗುತ್ತಿರಲಿಲ್ಲ. ಆಗ ನಿಜವಾಗಿ ಹೆದರಿದೆ.

ಅದೇ ದಿನಗಳಲ್ಲಿ ಆ ಫೋನು ಬಂತು. ಕಾರ್ಯಕ್ರಮ ನೇರ ಹೋಗುತ್ತಿತ್ತು. ಒಬ್ಬ ಮುದುಕಿ, ಕೊಂಕಣಿ ಬೆರೆತ ಕನ್ನಡ.

‘ದೇವಕೀ, ಉಂಡ್ಯೇನ ಮಗಳ?’

ಇದು ದೇವಕಿಯಲ್ಲ ಅಂತ ಅನ್ನಬಹುದಿತ್ತು, ಫೋನು ಕತ್ತರಿಸಬಹುದಿತ್ತು. ನನ್ನ ಬಾಯಿ ಮಾತ್ರ—‘ಹೂಂ ಅವ್ವಾ, ಉಂಡೆ. ನಿಂದಾತೇನ?’ ಅಂದಿತು. ನಾನು ಎಲ್ಲ ಮುದುಕಿಯರಿಗೂ ಅವ್ವಾ ಅನ್ನುವುದರಿಂದ ಕೇಳುಗರಿಗೆ ಏನೂ ಅನಿಸಲಿಲ್ಲ, ಮುದುಕಿ ಹೆಸರು ತಪ್ಪಿದ್ದಾಳೆ ಅಂದುಕೊಂಡರು. ಮುದುಕಿ ಮತ್ತೆ ಮತ್ತೆ ಫೋನು ಹಚ್ಚಿದಳು. ಯಾವಾಗ ಬರ್ತಿ ಅಂತ ಕೇಳಿದಳು. ‘ಬರ್ತೇನವ್ವಾ, ಕೆಲಸ ಭಾಳ ಐತಿ’ ಅಂದೆ. ಮಗಳು ಎಲ್ಲೋ ಗೋವಾದಲ್ಲಿದ್ದಾಳೆ, ಮುದುಕಿಗೆ ಒಂದು ಸಮಾಧಾನ—ಹೀಗೆಂದು ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಬಾಬು ಬಂದ. ದೇವಕಿಯ ಅಣ್ಣ. ಕೇಂದ್ರದ ಹೊರಗಿನ ಕಟ್ಟೆಯ ಮೇಲೆ ಕೂತು ತಲೆ ತಗ್ಗಿಸಿಕೊಂಡೇ ಮಾತಾಡಿದ. ದೇವಕಿ ಗೋವಾದಲ್ಲೇ ತೀರಿಕೊಂಡಿದ್ದಾಳೆ, ಹಿಂದಿನ ಮಳೆಗಾಲದಲ್ಲಿ. ಆತ ಒಬ್ಬನೇ ಹೋಗಿ ಅಲ್ಲಿಯೇ ಮಣ್ಣು ಮಾಡಿ ಬಂದಿದ್ದ. ತಾಯಿ ನಂಬುತ್ತಿಲ್ಲ. ಸೀರಿಯಲ್ಲಿನಲ್ಲಿ ಮಗಳು ಬೇರೆ ಹೆಸರಿನಿಂದ ಮಾತಾಡುತ್ತಿದ್ದಳು, ಈಗ ದಾಂಡೇಲಿಯಲ್ಲೂ ಹಾಗೇ ಮಾತಾಡುತ್ತಾಳೆ, ಏನೋ ಸಿಟ್ಟಿಗೆ ಮನೆಗೆ ಬರುತ್ತಿಲ್ಲ ಅಷ್ಟೇ—ಇದು ಮುದುಕಿಯ ವಾದ. ಅವರ ಮನೆಯಲ್ಲಿ ಒಂದು ಮೂಲೆ ಹಿರಿಯರದು, ಅಲ್ಲಿ ಹಿರಿಯರ ತೆಂಗಿನಕಾಯಿ ಇಡುತ್ತಾರೆ. ಸತ್ತವರನ್ನು ಕರೆದು ಆ ಮೂಲೆಯಲ್ಲಿ ಕೂರಿಸಬೇಕು. ಮನೆಯ ಹಿರಿಯಳು ತನ್ನ ಕೈಯಾರೆ ಮಾಡಿದರೇ ಅದು ಆದಂತೆ. ಅಲ್ಲಿಯವರೆಗೆ ದೇವಕಿ ಹೊರಗೇ.

‘ಒಂದು ಸಲ ಬಂದು ಆ ದನಿ ನಂದು ಅಂತ ಹೇಳ್ರಿ ಸಾಕು’ ಅಂದ ಬಾಬು. ‘ಊರಿಗೆಲ್ಲಾ ಹೇಳೀರಲ್ಲ. ಅವ್ವಗೂ ಹೇಳ್ರಿ.’

ಆತ ಚುಚ್ಚಲಿಕ್ಕೆ ಹೇಳಲಿಲ್ಲ, ಬೇಡಿಕೊಂಡ. ನನ್ನ ಸುಳ್ಳನ್ನೇ ಬೇಡಿದ, ಮತ್ತೇನನ್ನೂ ಕೇಳಲಿಲ್ಲ. ನಾನು ನೋಡೂಣು ಅಂದೆ. ಹೋಗಲಿಲ್ಲ. ಮುದುಕಿ ಊರವರೆದುರು ಯಾರ ದನಿ ಇದು ಅಂತ ಬಾಯಿ ಬಿಟ್ಟರೆ ನನ್ನ ಗತಿ ಏನು—ಇದೇ ನನ್ನ ತಲೆಯಲ್ಲಿ. ದೇವಕಿ ಸತ್ತಿದ್ದಾಳೆಂದು ತಿಳಿದ ಮೇಲೂ ಮುದುಕಿಯ ಫೋನು ಬಂದಾಗ ‘ಹೂಂ ಅವ್ವಾ’ ಅಂದೆ. ಒಂದು ಸಲವಲ್ಲ. ಇದಕ್ಕೆ ನನ್ನಲ್ಲಿ ಯಾವ ಸಬೂಬೂ ಇಲ್ಲ.

ಕೊನೆಗೆ ಹೋದದ್ದು ಹೆದರಿಕೆಯಿಂದಲೇ. ಒಂದು ಮಧ್ಯಾಹ್ನ ಮುದುಕಿ ಫೋನಿನಲ್ಲಿ ಏನೂ ಕೇಳಲಿಲ್ಲ. ‘ಹೊರಗ ಯಾಕ ನಿಂತೀ, ಥಂಡಿ ಐತಿ’ ಅಂದಳು. ಅಷ್ಟೇ ಅಂದು ಇಟ್ಟಳು. ಮರುದಿನ ಅವರ ಊರಿನ ಬಸ್ಸು ಹತ್ತಿದೆ.

ಬಾಬು ನನ್ನನ್ನು ಒಳಗೆ ಕೂರಿಸಿದ. ಮುದುಕಿ ಗೋಡೆಗೆ ಒರಗಿ ಕೂತಿದ್ದಳು, ಕಣ್ಣು ಪೂರ್ತಿ ಹೋಗಿದ್ದವು. ನಾನು ಬಲವಂತದಿಂದ ನಮ್ಮ ಪೇಟೆಯ ಮಾತು ತಂದುಕೊಂಡು, ‘ಅವ್ವಾ, ರೇಡಿಯೋದಾಗ ಮಾತಾಡೂದು ನಾನು. ಆ ದನಿ ನಂದು’ ಅಂದೆ. ಮುದುಕಿ ತಲೆಯಾಡಿಸಿದಳು. ‘ಯಾರವ್ವಾ ನೀನು? ಹಂಗಂದ್ರ ಅದ ದನೀಲೆ ಮಾತಾಡು ನೋಡೂಣು’ ಅಂದಳು. ಬೇರೆ ದಾರಿಯಿರಲಿಲ್ಲ. ನಾನು ದನಿ ಬದಲಿಸಿದೆ. ಆಕೆ ಎರಡೂ ಕೈ ಚಾಚಿ ನನ್ನ ಮುಖ ಸವರಿದಳು—ಹಣೆ, ಮೂಗು, ಕೂದಲು. ಕೈ ನಿಂತಿತು.

‘ಮಾರಿ ನಿಂದು. ದನಿ ನನ್ನ ಮಗಳದು.’

ಇಡೀ ಊರಿಗೆ ಹೇಳಿದ ಸುಳ್ಳು ಅಲ್ಲಿ ನನ್ನ ಬಾಯಿಂದ ಹೊರಡಲಿಲ್ಲ. ಹೌದವ್ವಾ ಅಂದೆ. ಆಕೀದು, ನಾನು ಕದ್ದೀನಿ, ಆಕಿ ಸತ್ತಾಳ, ಇಷ್ಟು ದಿನ ನಿಂಗ ಸುಳ್ಳು ಹೇಳಿದೆ—ಎಲ್ಲವನ್ನೂ ಹೇಳಿದೆ, ಅಳುತ್ತ ಹೇಳಿದೆ. ಅವನ್ನೆಲ್ಲ ನಾನು ದೇವಕಿಯ ದನಿಯಲ್ಲೇ ಹೇಳುತ್ತಿದ್ದೆ ಅನ್ನುವುದು ಮುಗಿಸಿದ ಮೇಲೆ ಗೊತ್ತಾಯಿತು.

ಅವರಲ್ಲಿ ಸತ್ತ ಹಿರಿಯರು ಒಮ್ಮೊಮ್ಮೆ ಯಾರದಾದರೂ ಮೈಮೇಲೆ ಬಂದು ಮಾತಾಡುತ್ತಾರೆ, ಬಂದರೆ ಮನೆಯವರು ಅವರೊಡನೆ ಮಾತಾಡುತ್ತಾರೆ. ಮುದುಕಿ ನನ್ನ ತಪ್ಪನ್ನು ಕೇಳಿಸಿಕೊಳ್ಳಲೇ ಇಲ್ಲ. ಮಗಳು ಬಂದಿದ್ದಾಳೆಂದು ತಿಳಿದಳು. ನನ್ನ ಕೈ ಹಿಡಿದು, ಬಹಳ ಮೆತ್ತಗೆ ಕೇಳಿದಳು:

‘ಸಾಯೂ ಮುಂದ ಭಾಳ ನೋವಾತೇನ ಮಗಳ?’

ನಾನು ಕ್ಷಮೆ ಕೇಳಲಿಕ್ಕೆ ಬಂದವಳು. ನನಗೆ ಗೊತ್ತಿಲ್ಲ ಎಂದು ಹೇಳಬೇಕಿತ್ತು. ‘ಇಲ್ಲವ್ವಾ’ ಅಂದೆ. ‘ನಿದ್ದಿ ಹತ್ತಿದಂಗ ಆತು.’

ಮುದುಕಿಯ ಮುಖ ಸಡಿಲಾಯಿತು. ‘ಹಂಗಾದ್ರ ಬಾ, ಒಳಗ ಕೂಡು’ ಅಂದು ಮೂಲೆಯ ಕಡೆ ತಡಕಾಡುತ್ತ ಹೊರಟಳು. ಬಾಬುವಿನ ಹೆಂಡತಿ ತೆಂಗಿನಕಾಯಿ ಕೊಟ್ಟಳು. ದೇವಕಿ ಹಿರಿಯರ ಜೊತೆ ಕೂತಳು, ನನ್ನ ಸುಳ್ಳಿನ ಮೇಲೆ. ಬಾಬು ಮಾತ್ರ ಅಲ್ಲಿ ನಿಲ್ಲಲಿಲ್ಲ. ನಿದ್ದಿ ಹತ್ತಿದಂಗ ಅಂದ ನನ್ನ ಮಾತು ಕೇಳಿದ ಕೂಡಲೇ ಮುಖ ತಿರುಗಿಸಿ ಹಿತ್ತಲಿಗೆ ಹೋಗಿದ್ದ. ನಾನು ಬಸ್ಸಿಗೆ ಹೊರಟಾಗಲೂ ಅಲ್ಲೇ, ಬಾವಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದ. ದೇವಕಿಯ ಹೆಣ ಕಂಡವನು, ಆಕೆ ಹೇಗೆ ಸತ್ತಳೆಂದು ಬಲ್ಲವನು ಆತನೊಬ್ಬನೇ.

ರೇಡಿಯೋದ ಕೆಲಸ ಬಿಟ್ಟೆ. ಕುಲಕರ್ಣಿ ಸರ್‌ಗೆ ನಿಜ ಹೇಳಿದ್ದೇನೆ. ಅವರು ನನ್ನನ್ನು ನೋಡಿದ ರೀತಿಗೆ ನಾನು ಅರ್ಹಳು. ನಾಳೆ ಸಾಂಬ್ರಾಣಿಯ ಬಸ್ಸಿಗೆ ಹೋಗುತ್ತೇನೆ. ಅವ್ವನ ಹತ್ತಿರ ಅಲ್ಲ, ಬಾಬುವಿನ ಹತ್ತಿರ. ದೇವಕಿ ಹೇಗೆ ಸತ್ತಳು ಅಂತ ನಾನು ಈವರೆಗೆ ಕೇಳಿಯೇ ಇಲ್ಲ. ಕೇಳುತ್ತೇನೆ. ಆತ ಹೇಳಿ ಮುಗಿಸುವ ತನಕ ಬಾಯಿ ತೆರೆಯುವುದಿಲ್ಲ.