ಭತ್ತವಾಗಲು ಹೊರಟ ಹುಲ್ಲು

ಯಲಬುರ್ಗಾದ ಕಾಲೇಜಿನಲ್ಲಿ ಬಹಳ ವರ್ಷಗಳಿಂದ ಜೀವವಿಕಾಸದ ಪಾಠ ಮಾಡುತ್ತಿದ್ದೇನೆ. ಹೊಸ ಪ್ರಭೇದಗಳು ಹೇಗೆ ಹುಟ್ಟುತ್ತವೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹೀಗಾಗಿ ಹೋದ ಮಳೆಗಾಲದಲ್ಲಿ, ಗಂಗಾವತಿ ಹತ್ತಿರದ ಅಕ್ಕನ ಗದ್ದೆಯಲ್ಲಿ ಕಳೆ ಕೀಳಲು ಒಂದು ಆಳು ಕಡಿಮೆ ಬಿದ್ದಾಗ, "ನಾ ಬರ್ತೀನಿ" ಎಂದೆ.

ಅಕ್ಕ, "ಬಾ, ನೋಡೂಣು" ಎಂದಳು. ಇಬ್ಬರೂ ಬೆಳೆದದ್ದು ಅಳವಂಡಿಯ ಜೋಳದ ಹೊಲದಲ್ಲಿ. ಕೆಸರಿಗಿಳಿಯುವುದನ್ನು ಅವಳು ಮದುವೆಯಾದ ಮೇಲೆ ಕಲಿತಳು. ನಾನು ಕಲಿತಿರಲಿಲ್ಲ.

ಆರು ಹೆಂಗಸರ ಸಾಲಿನಲ್ಲಿ ನಾನು ಏಳನೆಯವನು. ಅರ್ಧ ತಾಸಿನಲ್ಲಿ ತೋಳ್ತುಂಬ ಕಿತ್ತು ತಂದು ಬದುವಿನ ಮೇಲೆ ಹಾಕಿದೆ. ಉಳಿದವರ ಕೈಯಲ್ಲಿ ಒಂದೊಂದು ಹಿಡಿಯಷ್ಟೇ ಇತ್ತು. ನನಗೆ ಹೆಮ್ಮೆಯೇ ಆಯಿತು. ಸಾಲಿನ ಹಿರಿಯಾಕೆ, ಅರವತ್ತು ದಾಟಿದವಳು, ಬಂದು ನನ್ನ ರಾಶಿ ಕೆದಕಿದಳು.

"ಮಾಸ್ತರ್ರಾ, ಇದು ಭತ್ತ. ಇದೂ ಭತ್ತ. ಇದಂತೂ ಭಾಳ ಛಲೋ ಭತ್ತ."

ಇಡೀ ರಾಶಿಯಲ್ಲಿ ಎರಡೇ ಹುಲ್ಲು ಸಿಕ್ಕವು.

"ಎಲಿ ದಂಟಿಗೆ ಕೂಡೋ ಜಾಗ ನೋಡ್ರಿ. ಭತ್ತಕ್ಕ ಅಲ್ಲಿ ಬಿಳೀ ಪೊರಿ ಐತಿ, ಹುಲ್ಲಿಗಿಲ್ಲ. ನಾ ಸಣ್ಣಾಕಿ ಇದ್ದಾಗ ಇದರ ಬುಡ ಕೆಂಪಗ ಇರ್ತಿತ್ತು, ಬದುವಿನ ಮ್ಯಾಲೆ ನಿಂತ್ರೂ ಗೊತ್ತಾಕ್ಕಿತ್ತು. ಈಗ ಇದೂ ಶಾಣ್ಯಾ ಆಗೈತಿ."

ನನ್ನೊಳಗಿನ ಮಾಸ್ತರ ಎಚ್ಚೆತ್ತ. "ಹುಲ್ಲು ಶಾಣ್ಯಾ ಆಗಂಗಿಲ್ಲ ಯವ್ವಾ. ಕೆಂಪು ಬುಡದ್ದನ್ನ ನೀವು ಗುರುತು ಹಿಡಿದು ಕಿತ್ರಿ. ಭತ್ತದಂಗ ಕಂಡಿದ್ದು ಉಳೀತು, ಅದರ ಬೀಜ ಮತ್ತ ಹುಟ್ಟಿತು. ವರ್ಷಾ ವರ್ಷಾ ಹಿಂಗ ಆಗಿ ಹುಲ್ಲಿನ ರೂಪನಾ ಬದಲಾತು. ಹಿಂಗ ದೂರ ಸರಕೋಂತ ಹೋದ್ರ ಮುಂದ ಒಂದಿನ ಬ್ಯಾರೆ ಜಾತೀನೂ ಆಗಬಹುದು."

ಕೆಸರಿನಲ್ಲಿ ಬಗ್ಗಿದ್ದ ಬೆನ್ನುಗಳೆಲ್ಲ ನೆಟ್ಟಗಾದವು.

"ಅಂದ್ರ ಇಷ್ಟು ವರ್ಷ ಇದನ್ನ ತಿದ್ದಿ ತೀಡಿದಾರು ನಾವಾ ಅಂತೀರೇನು?" ಎಂದಳು ಹಿರಿಯಾಕೆ.

"ಒಂಥರಾ ಹಂಗ."

"ಸೊಂಟ ಹೋಗೂಮಟ ಕಿತ್ತಿದ್ದಕ್ಕ ಛಲೋ ಹೆಸರು ಕೊಟ್ರಿ ಬಿಡ್ರಿ." ಆಕೆ ನನ್ನ ರಾಶಿಯತ್ತ ಕೈ ತೋರಿಸಿದಳು. "ನಿಮ್ಮಂಥಾರು ನಾಕು ಮಂದಿ ಕಿತ್ರ, ಭತ್ತ ಹೆದರಿ ಹುಲ್ಲಿನಂಗ ಆದೀತು."

ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು. 'ಹೆದರಿ' ಎಂಬ ಪದವೊಂದನ್ನು ಬಿಟ್ಟರೆ ಆಕೆಯ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಅವತ್ತು ಸಂಜೆಯವರೆಗೆ ನನಗೆ ಸಿಕ್ಕಿದ್ದು, ಬೇರೆಯವರು ಕಿತ್ತ ಕಳೆಯನ್ನು ಬದುವಿಗೆ ಹೊರುವ ಕೆಲಸ.

ಎರಡು ತಿಂಗಳ ಮೇಲೆ ಮತ್ತೆ ಹೋದಾಗ, ಭತ್ತಕ್ಕಿಂತ ಮೊದಲೇ ತೆನೆ ಬಿಟ್ಟು ನಿಂತ ಗಿಡವೊಂದು ಕಣ್ಣಿಗೆ ಬಿತ್ತು. ಈ ಸಲ ಅನುಮಾನವೇ ಇರಲಿಲ್ಲ. ಕಿತ್ತುಕೊಂಡು ಹಿರಿಯಾಕೆಯ ಬಳಿ ಓಡಿದೆ. ಆಕೆ ತೆನೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದು, ಅಂಗೈ ಬಿಚ್ಚಿ ತೋರಿಸಿದಳು. ಖಾಲಿ.

"ಹೌದ್ರಿ, ಇದು ಹುಲ್ಲಾ. ಬೀಜ ಎಲ್ಲಾ ಉದುರಿಸಿ ಮುಗಿಸೈತಿ."

ಆದರೂ ಅದನ್ನು ಪೇಪರಿನಲ್ಲಿ ಸುತ್ತಿ ಯಲಬುರ್ಗಾಕ್ಕೆ ತಂದೆ. ಕ್ಲಾಸಿನಲ್ಲಿ ಮೇಜಿನ ಮೇಲಿಟ್ಟು, "ಇದೇನು ಹೇಳ್ರಿ?" ಎಂದು ಕೇಳಿದೆ.

ಇಡೀ ಕ್ಲಾಸು ಒಂದೇ ದನಿಯಲ್ಲಿ ಹೇಳಿತು: "ಭತ್ತರೀ ಸರ್!"