ತಂತಿ ಕಟ್ಟಿದ್ದು ನಾನು

ಸಿನಿಮಾದಲ್ಲಿ ತಪ್ಪೊಪ್ಪಿಕೊಳ್ಳುವ ದೃಶ್ಯ ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎರಡೂವರೆ ಗಂಟೆ ಕಾಡಿದ ಪಾಪ ಕೊನೆಯ ಐದು ನಿಮಿಷದಲ್ಲಿ ತೊಳೆದುಹೋಗುತ್ತದೆ. ತಪ್ಪು ಮಾಡಿದವನು ಸತ್ಯ ಹೇಳುತ್ತಾನೆ, ನೊಂದವರು ಅಳುತ್ತಾರೆ, ಪಿಟೀಲು ಶುರುವಾಗುತ್ತದೆ. ಕಳೆದ ತಿಂಗಳು ರಾಜಾಜಿನಗರದ ಥಿಯೇಟರಿನಲ್ಲಿ ಅಂಥದ್ದೇ ಒಂದನ್ನು ನೋಡುವಾಗ ಹೆಂಡತಿ, "ಯಾಕ್ರೀ, ಅಳ್ತಾ ಇದೀರಾ?" ಎಂದಳು. ಎಸಿ ಗಾಳಿಗೆ ಕಣ್ಣಲ್ಲಿ ನೀರು ಬಂತು ಎಂದೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ.

ವರ್ಷಗಳ ಹಿಂದೆ ಅಲ್ಲೇ ಹತ್ತಿರದ ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ತಗಡು ಒತ್ತುವ ಪ್ರೆಸ್‌ಗೆ ಎರಡು ಬಟನ್. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಅದು ಕೆಳಗಿಳಿಯಬೇಕು, ಕೈ ಒಳಗೆ ಸಿಕ್ಕಬಾರದು ಎಂದೇ ಆ ಏರ್ಪಾಡು. ಆಯುಧಪೂಜೆಗೆ ಮೊದಲು ಮಾಲು ಕಳಿಸುವ ಅವಸರದಲ್ಲಿ ನಾನು ಒಂದು ಬಟನ್ ಒತ್ತಿಕೊಂಡೇ ಇರುವಂತೆ ತಂತಿ ಬಿಗಿದೆ. ಒಂದು ಕೈ ಬಿಡುವಾದರೆ ಕೆಲಸ ಬೇಗ ಆಗುತ್ತದಲ್ಲ. ಮರುದಿನ ಗದಗದ ಕಡೆಯಿಂದ ಬಂದಿದ್ದ ಆಪರೇಟರನ ಬಲಗೈಯ ಮೂರು ಬೆರಳು ಹೋದವು. ಮಾಲೀಕರು ಕೇಳಿದಾಗ, "ಅವನೇ ಕಟ್ಕೊಂಡಿದ್ದ ಸಾರ್" ಎಂದೆ. ಅವನನ್ನು ಕೆಲಸದಿಂದ ತೆಗೆದರು. ದೃಷ್ಟಿಯಾಗಿದೆ ಎಂದು ಮೆಷಿನ್ ಮುಂದೆ ಬೂದುಗುಂಬಳ ಒಡೆಸಿದರು. ಕುಂಕುಮ ಹಚ್ಚಿದವನು ನಾನೇ.

ಸಿನಿಮಾ ನೋಡಿದ ಮುಂದಿನ ಭಾನುವಾರ, ಹಳೆಯ ಕೆಲಸಗಾರನೊಬ್ಬನಿಂದ ವಿಳಾಸ ತಿಳಿದು ಕೆಂಗೇರಿಗೆ ಹೋದೆ. ಅವನೀಗ ಅಲ್ಲೊಂದು ಅಪಾರ್ಟ್‌ಮೆಂಟಿನ ವಾಚ್‌ಮನ್. ಹೆಂಡತಿ, ಮಗಳೊಂದಿಗೆ ಗೇಟಿನ ಪಕ್ಕದ ಒಂದೇ ಕೋಣೆಯಲ್ಲಿ ವಾಸ. ನನ್ನನ್ನು ಕಂಡು ಖುಷಿಯೋ ಖುಷಿ. "ಎಡಗೈಲೆ ಕೊಡಾಕತ್ತೇನಿ, ತಪ್ಪು ತಿಳ್ಕೋಬ್ಯಾಡ್ರಿ" ಎನ್ನುತ್ತ ಚಹಾ ಕೊಟ್ಟ. ನನಗೆ ಲೋಟ ಹಿಡಿಯಲೂ ನಾಚಿಕೆಯಾಯಿತು.

"ಆ ತಂತಿ ಕಟ್ಟಿದ್ದು ನಾನು ಕಣಪ್ಪ" ಎಂದೆ.

"ಇಲ್ರಿ ಸರ್, ನಾನ ಕಟ್ಟಿದ್ದೆ."

ಮೊದಮೊದಲು ಅವನಿಗೆ ಅದು ನೆನಪೇ ಇರಲಿಲ್ಲವಂತೆ. ಎಲ್ಲರೂ ಅವನೇ ಎಂದ ಮೇಲೆ ಯೋಚಿಸಿ ಯೋಚಿಸಿ, ಆಮೇಲೆ ನೆನಪಾಯಿತಂತೆ.

"ನಾನೇ ಕಟ್ಟಿದ್ದು. ಮಾಲೀಕರ ಹತ್ರ ಸುಳ್ಳು ಹೇಳ್ದೆ" ಎಂದೆ ಮತ್ತೆ.

ಅವನು ನಕ್ಕುಬಿಟ್ಟ. "ನಿಮ್ಮ ಮನಸ್ಸು ದೊಡ್ಡದ್ರಿ. ನನ್ನ ಸಮಾಧಾನಕ್ಕ ತಪ್ಪು ಮೈಮ್ಯಾಲೆ ಹಾಕ್ಕೊಳ್ಳಾಕತ್ತೀರಿ." ಮಗಳನ್ನು ಕರೆದು, ಇಂಥವರ ಆಶೀರ್ವಾದ ತಗೋಬೇಕು ಎಂದ. ಅವಳು ಪುಸ್ತಕ ಮುಚ್ಚಿಟ್ಟು ಬಂದು ನನ್ನ ಕಾಲು ಮುಟ್ಟಿದಳು.

ಎರಡು ಸಲ ಹೇಳಿದ್ದೆ. ಮೂರನೆಯ ಸಲ ಹೇಳಿದ್ದರೆ ನಂಬುತ್ತಿದ್ದನೇನೋ. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ.