ರೈಲು ನಿಂತರೆ ನಿಲ್ಲುವ ಹಾಡು

ಶನಿವಾರ ಸಂಜೆ ಬೆಂಗಳೂರಿನಲ್ಲಿ ಮಾರಿಕುಪ್ಪಂ ರೈಲು ಹತ್ತಿದೆ. ಟಿಕೆಟಿಗೆ ಮೂವತ್ತು ರೂಪಾಯಿ; ಸೀಟು ಮಾತ್ರ ಯಾವ ಬೆಲೆಗೂ ಇರಲಿಲ್ಲ. ನಮ್ಮ ಆಫೀಸಿನ ರೀಟಾ ದಿನವೂ ಇದೇ ರೈಲಿನಲ್ಲಿ ಕೆಜಿಎಫ್‌ನಿಂದ ಬಂದು ಹೋಗುವವರು. ಅವರು ಕಟ್ಟಿದ ಗಾಯನ ತಂಡದ ಮೊದಲ ಕಾರ್ಯಕ್ರಮ ಭಾನುವಾರ ಅಲ್ಲಿನ ಉರಿಗಾಂ ಚರ್ಚಿನಲ್ಲಿತ್ತು; ಅದನ್ನು ಕೇಳಲು ನಾನೂ ಹೊರಟಿದ್ದೆ. ತಂಡವೆಂದರೆ ಅದೇ ಬೋಗಿಯಲ್ಲಿ ಓಡಾಡುವ ಹತ್ತು ಹನ್ನೆರಡು ಮಂದಿ. ಊರು ಮುಟ್ಟಿದರೆ ಎಲ್ಲರಿಗೂ ಮನೆಗೆಲಸ, ಹಾಗಾಗಿ ಅಭ್ಯಾಸಕ್ಕೆ ರೈಲೇ ಗತಿ. ಆ ನೂಕುನುಗ್ಗಲಿನಲ್ಲಿ ಹಾರ್ಮೋನಿಯಂ ಇಡಲು ಜಾಗವೆಲ್ಲಿ? ಬರೀ ಕಂಠ.

ವೈಟ್‌ಫೀಲ್ಡ್ ದಾಟಿದ ಮೇಲೆ ಶುರು ಮಾಡಿದರು. ಶತಮಾನಗಳ ಹಿಂದಿನ ಲ್ಯಾಟಿನ್ ಪ್ರಾರ್ಥನೆ, ಒಂದು ತಮಿಳು ಕೀರ್ತನೆ, ಆಮೇಲೆ ಕ್ಯಾಸಂಬಳ್ಳಿಯ ಎಲೆಕ್ಟ್ರಿಷಿಯನ್ ಮುನಿಯಪ್ಪ ತಾಯಿಯಿಂದ ಕಲಿತ ರಾಗಿ ಬೀಸುವ ಪದ. ದನಿಯ ಮೇಲೆ ದನಿ, ನಾಲ್ಕು ಪದರ. ಮೈ ಜುಮ್ಮೆಂದಿತು. ಆದರೆ ಮಾಲೂರಿನಲ್ಲಿ ರೈಲು ನಿಂತದ್ದೇ ತಡ, ಹಾಡೂ ಅರ್ಧಕ್ಕೆ ನಿಂತಿತು. ಗಾಡಿ ಕದಲಿದ ಮೇಲೆ ಬಿಟ್ಟಲ್ಲಿಂದ ಮತ್ತೆ ಶುರು. ಟೇಕಲ್‌ನಲ್ಲೂ ಇದೇ ಕತೆ.

"ಗಾಡಿ ಸದ್ದಿದ್ರೆ ಒರಗಡೆ ಯಾರ್ಗೂ ಕೇಳಲ್ಲ ಕಣಕ್ಕಾ," ಎಂದರು ಮುನಿಯಪ್ಪ. "ನಿಂತ್ರೆ ಪ್ಲಾಟ್‌ಫಾರಂನೋರೆಲ್ಲ ನೋಡ್ತಾರೆ. ನಾಚ್ಕೆ ಆಯ್ತದೆ."

ಆರಡಿ ಆಳು, ಬಾವಿಯೊಳಗಿಂದ ಬಂದಂಥ ದನಿ. ಇವರಿಗೆ ನಾಚಿಕೆಯಂತೆ.

ಭಾನುವಾರ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ತಣ್ಣನೆ ಗಾಳಿ. ಪಾನಿಪುರಿ ತಿಂದೆ. ಅದರ ನೀರು ಕುಡಿಯುವ ನೀರಿನಷ್ಟೇ ತಿಳಿ, ಖಾರ ಮಾತ್ರ ನೆತ್ತಿಗೇರುವಂಥದ್ದು. ಜೊತೆಗಿದ್ದ ರೀಟಾ ಒಂದನ್ನೂ ಮುಟ್ಟಲಿಲ್ಲ. ಇವತ್ತು ಚೆನ್ನಾಗಿ ಹಾಡಿದರೆ ಕ್ರಿಸ್‌ಮಸ್ ಆರಾಧನೆಗೆ ಅವಕಾಶ ಕೊಡುವುದಾಗಿ ಚರ್ಚಿನ ಹಿರಿಯರು ಹೇಳಿದ್ದರು. ವಾದ್ಯವಿಲ್ಲದ ಹಾಡು ಅವರಿಗೆ ಉಪ್ಪಿಲ್ಲದ ಊಟ. ಇನ್ನೊಮ್ಮೆ ಕೇಳುವ ತಾಳ್ಮೆ ಅವರಿಗಿಲ್ಲವೆಂದು ರೀಟಾಗೆ ಗೊತ್ತಿತ್ತು.

ಸಂಜೆ ಚರ್ಚಿನಲ್ಲಿ ಎಲ್ಲರೂ ನಮಗೆ ಎದುರಾಗಿ ಸಾಲಾಗಿ ನಿಂತರು. ಒಳಗೆ ಗಡಿಯಾರದ ಸದ್ದೂ ಕೇಳುವಷ್ಟು ನಿಶ್ಶಬ್ದ. ಲ್ಯಾಟಿನ್ ಪ್ರಾರ್ಥನೆ ಎರಡು ಸಾಲು ಸಾಗಿತು. ಆಮೇಲೆ ದನಿಗಳು ಸೊರಗಿ, ಒಂದೊಂದಾಗಿ ನಿಂತೇ ಹೋದವು, ಥೇಟ್ ಮಾಲೂರಿನಲ್ಲಿ ನಿಂತಂತೆ. ಮುಂದಿನ ಸಾಲಿನ ಹಿರಿಯರೊಬ್ಬರು ಕೆಮ್ಮಿದರು. ರೀಟಾರ ಎತ್ತಿದ ಕೈ ಹಾಗೇ ಉಳಿದಿತ್ತು. ನನಗೆ ಅಳುವೇ ಬಂತು.

"ಕಿಟ್ಟ ವಾಂಗ," ಎಂದು ರೀಟಾ ತಮಿಳಿನಲ್ಲಿ ಮೆಲ್ಲಗೆ ತಂಡವನ್ನು ಹತ್ತಿರ ಕರೆದರು. ಸಾಲು ಮುರಿಯಿತು. ಬೋಗಿಯಲ್ಲಿ ನಿಲ್ಲುವಂತೆ ಭುಜಕ್ಕೆ ಭುಜ ತಾಗಿಸಿ, ಮುಖಕ್ಕೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ನಿಂತರು. ಗಾಡಿಯ ಸದ್ದಿನ ಬದಲಿಗೆ ಮುನಿಯಪ್ಪ ಒಬ್ಬರೇ ತಳದ ಸ್ವರವನ್ನು ಗುಂಯ್ ಎಂದು ಹಿಡಿದರು. ಅದರ ಮೇಲೆ ಉಳಿದವರು ಒಬ್ಬೊಬ್ಬರಾಗಿ ದನಿ ಏರಿಸಿದರು. ಈ ಸಲ ಎಲ್ಲೂ ನಿಲ್ಲಲಿಲ್ಲ. ರಾಗಿ ಪದ ಬಂದಾಗ ನನ್ನ ಪಕ್ಕದ ಅಜ್ಜಿಯ ಕೈ ತಾನಾಗಿಯೇ ಮಡಿಲಲ್ಲಿ ಸುತ್ತತೊಡಗಿತು. ಅಷ್ಟು ಒಳ್ಳೆಯ ಹಾಡು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.

ಕೆಮ್ಮಿದ ಹಿರಿಯರೇ ಎದ್ದು ಬಂದರು. "ಕ್ರಿಸ್‌ಮಸ್‌ಗೆ ನೀವೇ ಹಾಡಿ," ಎಂದರು. "ಆದ್ರೆ ಸ್ವಲ್ಪ ನಮ್ ಕಡೆ ತಿರುಗ್ರಪ್ಪಾ."

ಸೋಮವಾರ ಬೆಳಿಗ್ಗೆ ಉರಿಗಾಂನಲ್ಲಿ ಅವರೊಂದಿಗೇ ರೈಲು ಹತ್ತಿದೆ. ರಾಗಿ ಪದ ನಡುವಿನಲ್ಲಿರುವಾಗ ಬಂಗಾರಪೇಟೆ ಬಂತು. ರೈಲು ನಿಂತಿತು. ರೀಟಾ ಮುನಿಯಪ್ಪನವರ ಮುಖ ನೋಡಿದರು. ಹಾಡು ನಿಲ್ಲಲಿಲ್ಲ. ಟೀ ಮಾರುವವನು ಕೂಗುವುದನ್ನು ಬಿಟ್ಟು ಕಿಟಕಿಯ ಬಳಿ ನಿಂತ. ಮುನಿಯಪ್ಪ ಹಾಡುತ್ತಲೇ ಪ್ಲಾಟ್‌ಫಾರಂ ಕಡೆ ತಿರುಗಿದರು.